ತೆಳು ಚಕ್ರದ ಹುಬರ್ಟ್

ಹುಬರ್ಟ್ ರೆಟರಾತ್ ಬದುಕಿನ ಬಹುಪಾಲು ಸೌದೆ ಒಡೆಯಲಿಲ್ಲ. ಐಫೆಲ್ ಬೆಟ್ಟದ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಹಿಮ ಕರಗಿದ ಕೂಡಲೇ ಮನೆಮನೆಯ ಹಿತ್ತಲಿನಿಂದ ಕೊಡಲಿಯ ಸದ್ದು ಏಳುತ್ತದೆ. ಗೋಡೆಗೆ ಒರಗಿಸಿಟ್ಟ ಸೌದೆಯ ಸಾಲು ನೋಡಿ ಆ ಮನೆಯ ಗಂಡಸು ಎಂಥವನು ಎಂದು ತೀರ್ಮಾನ ಮಾಡುವ ಜನ ಅವರು. ಹುಬರ್ಟನ ಸೌದೆ ಒಡೆಯುತ್ತಿದ್ದವಳು ಪಕ್ಕದ ಮನೆಯ ಅಗ್ನೆಸ್ ಥೆಲೆನ್. ಅವಳು ಕೊಡಲಿ ಬೀಸುವಾಗ ಅವನು ಕೈಗೆ ದಪ್ಪ ಉಣ್ಣೆಯ ಗವಸು ಹಾಕಿಕೊಂಡು ಒಡೆದದ್ದನ್ನು ಜೋಡಿಸುತ್ತಿದ್ದ.

"ನಾಚಿಕೆ ಆಗಲ್ವೇನೋ ನಿಂಗೆ? ಆರಡಿ ಗಂಡಸು, ಹೆಂಗಸಿನ ಕೈಲಿ ಸೌದೆ ಒಡೆಸ್ತೀಯಲ್ಲ."

"ಆಗತ್ತೆ ಕಣೇ. ಆದ್ರೆ ಅಂಗೈ ಜಡ್ಡು ಕಟ್ಟಿದ್ರೆ ನನ್ನ ಹೊಟ್ಟೆಪಾಡು ಹೋಯ್ತು. ನಾಚಿಕೆ ಪಟ್ಕೊಂಡು ಬದುಕಬಹುದು."

ಊರಿನ ಹೋಟೆಲಿನ ಮಾಟೆಸ್ ಅವನಿಗೆ 'ಪಿಯಾನೋ ಮೇಡಂ' ಎಂದು ಹೆಸರಿಟ್ಟಿದ್ದ. ಹುಬರ್ಟ್ ಬಾಗಿಲು ತಳ್ಳಿ ಒಳಗೆ ಬಂದರೆ ಸಾಕು: "ಬಂದ್ರಪ್ಪ ಮೇಡಮ್ಮು! ಲೋಟ ಎತ್ತೋ ಶಕ್ತಿ ಇದೆಯೋ, ಇಲ್ಲ ಅದಕ್ಕೂ ಅಗ್ನೆಸ್‌ನ ಕರೀಬೇಕೋ?"

"ನಾನೇ ಎತ್ತೀನಿ ಬಿಡು. ನೀನು ಅರ್ಧ ಲೋಟ ನೊರೆ ತುಂಬಿಸಿ ಕೊಡೋದ್ರಿಂದ ಭಾರ ಅನ್ನೋದೇ ಇರಲ್ಲ."

ಹುಬರ್ಟನ ಹೊಟ್ಟೆಪಾಡು ಅವನ ಬೆರಳ ತುದಿಯಲ್ಲಿತ್ತು. ದಕ್ಷಿಣದ ದೊಡ್ಡ ಕಾರು ಕಂಪನಿಯೊಂದು ತನ್ನ ವೇಗದ, ದುಬಾರಿ ಸೆಡಾನ್‌ಗಳನ್ನು ಮಾರುಕಟ್ಟೆಗೆ ಬಿಡುವ ಮೊದಲು ಆ ಊರಿನ ಕಾಡಿನಲ್ಲಿ ಸುತ್ತುವ ಹಳೆಯ ರೇಸ್ ರಸ್ತೆಗೆ ಕಳಿಸುತ್ತಿತ್ತು. ಊರಿನವರು ಅದನ್ನು ಬರೀ 'ರಿಂಗ್' ಎನ್ನುತ್ತಾರೆ. ಮೈತುಂಬ ಕಪ್ಪುಬಿಳಿ ಚಿತ್ತಾರದ ಪ್ಲಾಸ್ಟಿಕ್ ಅಂಟಿಸಿಕೊಂಡು ಬರುವ ಆ ಹೆಸರಿಲ್ಲದ ಕಾರುಗಳಲ್ಲಿ ಹುಬರ್ಟ್ ಸ್ಟೀರಿಂಗ್ ಒಂದನ್ನೇ ನೋಡುವವನು. ಎಂಜಿನ್, ಬ್ರೇಕು ನೋಡಲು ಬೇರೆಯವರಿದ್ದರು. ಮುಂದಿನ ಚಕ್ರಗಳಿಗೆ ರಸ್ತೆ ಏನು ಹೇಳುತ್ತಿದೆಯೋ ಅದು ಓಡಿಸುವವನ ಅಂಗೈಗೆ ಬಂದು ಮುಟ್ಟುತ್ತದೆಯೇ? ಟೈರು ಜಾರಲು ಶುರುವಾಗುವ ಕ್ಷಣಕ್ಕೆ ಸರಿಯಾಗಿ ಸ್ಟೀರಿಂಗ್ ಹಗುರಾಗುತ್ತದೆಯೇ? ಇದಿಷ್ಟೇ ಅವನ ಕೆಲಸ. ಹೊರಗೆಲ್ಲ ಗವಸು ಹಾಕಿಕೊಂಡು ತಿರುಗುವವನು ಕಾರಿಗೆ ಕೂತ ಕೂಡಲೇ ಅದನ್ನು ಕಳಚಿ ಪಕ್ಕಕ್ಕಿಡುತ್ತಿದ್ದ. ಎರಡು ಬೆರಳು ಮತ್ತು ಹೆಬ್ಬೆರಳಿನಲ್ಲಿ, ಮಗುವಿನ ಮಣಿಕಟ್ಟು ಹಿಡಿದ ಹಾಗೆ, ಸ್ಟೀರಿಂಗಿನ ಚಕ್ರ ಹಿಡಿಯುತ್ತಿದ್ದ. ಅವನಪ್ಪ ಅದೇ ರಿಂಗಿನ ಡಾಂಬರು ರಿಪೇರಿಯ ಕೂಲಿಯಾಗಿದ್ದವನು. "ಅಪ್ಪ ಹಾಕಿದ ತೇಪೆ ಯಾವುದು, ಬೇರೆಯವರು ಹಾಕಿದ್ದು ಯಾವುದು, ಕೈಗೆ ಗೊತ್ತಾಗತ್ತೆ" ಎನ್ನುತ್ತಿದ್ದ ಹುಬರ್ಟ್. ಅಗ್ನೆಸ್ ಅದನ್ನು ಬಡಾಯಿ ಎಂದುಕೊಂಡಿದ್ದಳು. ಆಮೇಲೆ ನಂಬಿದಳು.

ಅಗ್ನೆಸ್‌ಳ ಕೆಲಸವೂ ಅದೇ ಚಕ್ರದ್ದು. ಅವಳು ಚರ್ಮ ಹೊಲಿಯುವವಳು. ಮೊದಲು ಕುದುರೆ ಜೀನು ಹೊಲಿಯುತ್ತಿದ್ದಳು. ಕುದುರೆ ಸಾಕುವವರು ಕಡಿಮೆಯಾದ ಮೇಲೆ ಪರೀಕ್ಷೆಯ ಕಾರುಗಳ ಸ್ಟೀರಿಂಗಿಗೆ ಚರ್ಮ ಸುತ್ತಿಕೊಡಲು ಹಿಡಿದಳು. ಅವಳು ಕೆಲಸ ಮಾಡುವ ಕೊಟ್ಟಿಗೆಯ ಮೊಳೆಗಳಲ್ಲಿ ಬಗೆಬಗೆಯ ಚಕ್ರಗಳು ತೂಗುತ್ತಿದ್ದವು. ದಪ್ಪ ಅಂಚಿನವು, ತಳ ಚಪ್ಪಟೆ ಮಾಡಿದವು, ಜಿಂಕೆಯ ಕಿವಿಯಷ್ಟು ಮೆತ್ತಗಿನ ಬಟ್ಟೆ ಸುತ್ತಿದವು, ಚಳಿಗೆ ಬಿಸಿಯಾಗಲೆಂದು ಒಳಗೆ ತಂತಿ ಹಾಯಿಸಿದವು. ಶನಿವಾರ ಸಂಜೆ ಹುಬರ್ಟ್ ಬೇಕರಿಯಿಂದ ಪ್ಲಮ್ ಕೇಕ್ ಹಿಡಿದು ಬರುತ್ತಿದ್ದ. ಅವಳು ಕಾಫಿ ಇಡುತ್ತಿದ್ದಳು. ಜಗಳ ಶುರುವಾಗುತ್ತಿತ್ತು.

"ಇದೇನೇ ಇದು, ಸ್ಟೀರಿಂಗೋ ಹಂದಿ ಸಾಸೇಜೋ? ಇಷ್ಟು ದಪ್ಪ ಮಾಡಿದ್ರೆ ರಸ್ತೆ ಮಾತು ಅಂಗೈಗೆ ಹೇಗೆ ಬರತ್ತೆ? ಹತ್ತು ಹಾಸಿಗೆ ಕೆಳಗೆ ಬಟಾಣಿ ಇಟ್ಟು ಚುಚ್ಚತ್ತಾ ಅಂತ ಕೇಳಿದ ಹಾಗೆ."

"ನನ್ನ ಮೇಲ್ಯಾಕೆ ಹಾರ್ತೀಯ? ಅಂಗಡಿಗೆ ಬರೋ ಗಿರಾಕಿ ಮೊದಲು ಮುಟ್ಟೋದೇ ಇದನ್ನಂತೆ. ದಪ್ಪ ಇದ್ರೆ 'ಆಹಾ, ಕೊಟ್ಟ ದುಡ್ಡಿಗೆ ಮೋಸ ಇಲ್ಲ' ಅಂತಾನಂತೆ."

"ತೆಳ್ಳಗಿರೋದನ್ನೂ ಒಂದು ಇಡ್ರಪ್ಪ ಅಂತ ಕಂಪನಿಯವರ ಹತ್ರ ಎಷ್ಟು ವರ್ಷದಿಂದ ಬಡ್ಕೊಂಡೆ. ಯಾರೂ ಕೇಳಲ್ವಂತೆ. ಇಟ್ಟರೆ ತಾನೇ ಕೇಳೋದು!"

ಅವನ ಸ್ವಂತದ ಕಾರಿನಲ್ಲಿ ಅಂಥದೊಂದು ಇತ್ತು. ಎಣ್ಣೆಯ ಒತ್ತಡದಿಂದ ತಿರುಗುವ ಹಳೇ ಕಾಲದ ಸ್ಟೀರಿಂಗಿನ ಹಸಿರು ಸೆಡಾನ್. ಅವನಿಗೆ ಐವತ್ತಾದಾಗ ಅಗ್ನೆಸ್ ಅದಕ್ಕೆ ತೆಳುವಾದ ಅಂಚಿನ ಚಕ್ರ ಹುಡುಕಿ ತಂದು, ಎಳೆಗರುವಿನ ಚರ್ಮವನ್ನು ಕಾಗದದಷ್ಟು ತೆಳ್ಳಗೆ ಹೆರೆದು ಸುತ್ತಿ, ಹೊಲಿಗೆ ಬೆರಳಿಗೆ ತಾಕದ ಹಾಗೆ ಒಳಗಡೆಗೆ ತಿರುಗಿಸಿ ಹೊಲಿದಿದ್ದಳು. ಮೊದಲ ಸಲ ಅದನ್ನು ಹಿಡಿದಾಗ ಹುಬರ್ಟ್ ಅಂಚಿನ ಸುತ್ತ ಒಮ್ಮೆ ಬೆರಳು ಹಾಯಿಸಿದ. ಆಮೇಲೆ "ಸೂಜಿ, ನೀನು ಹೊಲಿದೇ ಇಲ್ಲ ಅನ್ನೋ ಹಾಗೆ ಹೊಲಿದಿದ್ದೀಯ" ಎಂದ. ಅವಳನ್ನು ಸೂಜಿ ಎಂದು ಕರೆಯುತ್ತಿದ್ದದ್ದು ಅವನೊಬ್ಬನೇ. ಅವಳ ಗಂಡ ಎಂದೋ ಬಿಟ್ಟುಹೋಗಿದ್ದ. ಅವನಿಗೆ ಮದುವೆ ಆಗಿರಲೇ ಇಲ್ಲ. ಇಬ್ಬರ ಹಿತ್ತಿಲ ನಡುವೆ ಇದ್ದದ್ದು ಮೊಣಕಾಲೆತ್ತರದ ಪೊದೆಬೇಲಿ. ಅದನ್ನು ತೆಗೆದುಬಿಡೋಣ ಎಂದು ಇಬ್ಬರಲ್ಲಿ ಯಾರೂ ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ.

ಕಂಪನಿ ವಿದ್ಯುತ್ ಮೋಟಾರಿನ ಸ್ಟೀರಿಂಗಿನ ಹೊಸ ಸೆಡಾನ್ ಕಳಿಸಿದಾಗ ತೊಂದರೆ ಶುರುವಾಯಿತು. ಅದರ ಜೊತೆಗೆ ಬಂದ ಎಂಜಿನಿಯರ್ ಯೋರ್ನ್ ಫೆಡರ್ಸೆನ್ ಉತ್ತರದ ಕಡಲತೀರದವನು. ಮಾತು ಕಡಿಮೆ, ಮರ್ಯಾದೆ ಹೆಚ್ಚು. ಹುಬರ್ಟ್ ಒಂದು ಸುತ್ತು ಹೊಡೆದು ಬಂದು ಕೆಳಗಿಳಿದ.

"ಮೂಕ ಗಾಡಿ ಇದು."

ಫೆಡರ್ಸೆನ್ ಲ್ಯಾಪ್‌ಟಾಪ್ ತೆಗೆದು ಮೋಟಾರಿನ ಲೆಕ್ಕ ಬದಲಿಸಿದ. ರಸ್ತೆಯ ಅದುರು ಕೈಗೆ ಬರದಂತೆ ತಡೆಯುವ ಫಿಲ್ಟರನ್ನು ಸ್ವಲ್ಪ ಸಡಿಲಿಸಿದ. ಮತ್ತೊಂದು ಸುತ್ತು.

"ಈಗಲೂ ಮೂಕ."

ಮತ್ತೆ ಸಡಿಲಿಸಿದ. ಬೇಸಿಗೆಯುದ್ದಕ್ಕೂ ಹೀಗೇ ನಡೆಯಿತು. ಊರಿನವರು, ಕಂಪನಿಯವರು, ಹುಬರ್ಟನೂ ಸೇರಿ, ಎಲ್ಲರೂ ಒಂದೇ ಕಾರಣ ಕೊಟ್ಟುಕೊಂಡರು: ಎಣ್ಣೆಯ ಕಾಲದ ಮನುಷ್ಯನಿಗೆ ವಿದ್ಯುತ್ ಹಿಡಿಸುತ್ತಿಲ್ಲ. ಹೋಟೆಲಿನಲ್ಲಿ ಮಾಟೆಸ್, "ಮೇಡಂಗೆ ಕರೆಂಟ್ ಪಿಯಾನೋ ಕೊಟ್ಟಿದ್ದಾರಂತೆ, ಶ್ರುತಿ ಸೇರ್ತಿಲ್ವಂತೆ" ಎಂದು ನಗಿಸಿದ. ಹುಬರ್ಟನೂ ನಕ್ಕ. ಫೆಡರ್ಸೆನ್ ಮಾತ್ರ ಅವನ ಮಾತನ್ನು ತಳ್ಳಿಹಾಕದೆ ಪ್ರತಿ ಸಲವೂ ಇನ್ನಷ್ಟು ಸಡಿಲಿಸುತ್ತ ಹೋದ. ಹುಬರ್ಟನ ಕೈ ಒಪ್ಪದ ಸ್ಟೀರಿಂಗ್ ಯಾವತ್ತೂ ಮಾರುಕಟ್ಟೆಗೆ ಹೋಗಿರಲಿಲ್ಲ. ಅವನು ಹೇಳಿದ್ದಕ್ಕೇ ಈ ಸಲ, ಅಂತೂ ಇಂತೂ, ಆಯ್ಕೆಗಳ ಪಟ್ಟಿಯಲ್ಲಿ ತೆಳು ಅಂಚಿನ ಚಕ್ರವೊಂದನ್ನೂ ಸೇರಿಸಿ ನೋಡೋಣ ಎಂದು ಕಂಪನಿ ಒಪ್ಪಿತು. ಅದನ್ನು ಸುತ್ತಿದವಳು ಅಗ್ನೆಸ್. ಅದನ್ನು ಹಾಕಿಕೊಂಡು ಓಡಿಸಿ ಬಂದ ಮೇಲೂ ಹುಬರ್ಟ್ ತಲೆ ಅಲ್ಲಾಡಿಸಿದ.

ಅಕ್ಟೋಬರ್‌ನಲ್ಲಿ ಒಂದು ಶನಿವಾರ ಅಗ್ನೆಸ್ ಗಮನಿಸಿದ್ದು ಇನ್ನೊಂದು ಸಂಗತಿಯನ್ನು. ಹಸಿರು ಕಾರು ಅವನ ಶೆಡ್ಡಿನಲ್ಲಿ ಬಟ್ಟೆ ಹೊದ್ದುಕೊಂಡು ನಿಂತಿತ್ತು. ಬಟ್ಟೆಯ ಮೇಲೆ ಬೇಸಿಗೆಯ ಧೂಳು ಹಾಗೇ ಕೂತಿತ್ತು. ಆ ಕಾರಿನ ನಂಬರ್ ಪ್ಲೇಟು ವಸಂತದಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ ಚಾಲ್ತಿ. ಪ್ರತಿವರ್ಷ ಅವನು ಅದನ್ನು ಏಪ್ರಿಲ್‌ನಲ್ಲೇ ತೆಗೆದು, ಅವಳ ಬಾಗಿಲ ಮುಂದೆ ಹಾರ್ನ್ ಮಾಡುತ್ತಿದ್ದ.

"ಈ ವರ್ಷ ಹಸಿರಮ್ಮನ ತೆಗೀಲೇ ಇಲ್ವಲ್ಲೋ."

ಹುಬರ್ಟ್ ಕೇಕ್ ಚೂರನ್ನು ತಟ್ಟೆಯಲ್ಲಿ ಅತ್ತಿಂದಿತ್ತ ತಳ್ಳಿದ. "ಪುರಸೊತ್ತು ಆಗಲಿಲ್ಲ."

"ಸುಳ್ಳು ಹೇಳಬೇಡ. ಸುಳ್ಳು ಹೇಳೋವಾಗ ನಿನ್ನ ಕಿವಿ ಕೆಂಪಾಗತ್ತೆ."

ಅವನು ಕಿವಿ ಮುಟ್ಟಿ ನೋಡಿಕೊಂಡ. ಹಾಗೆ ಮುಟ್ಟಿದ ಕೈಯನ್ನು ಕೆಳಗಿಳಿಸಿ ಅದನ್ನೇ ನೋಡುತ್ತ ಕೂತ. ಬೆರಳುಗಳನ್ನು ಮಡಚಿದ, ಬಿಡಿಸಿದ.

"ಹೊಸ ಗಾಡಿ ಮೂಕ ಅಂತ ಇಷ್ಟು ದಿನ ಹೇಳಿಕೊಂಡು ಬಂದೆ," ಎಂದ. "ಹಸಿರಮ್ಮನ ಸ್ಟೀರಿಂಗ್ ಹಿಡಿದು, ಅವಳೂ ಮಾತಾಡಲಿಲ್ಲ ಅಂದ್ರೆ? ಆವಾಗ ಮೂಕ ಗಾಡಿ ಅಲ್ಲ ಸೂಜಿ. ಆವಾಗ ಕಿವುಡ ನಾನು."

"ಯಾವಾಗಿಂದ?"

"ಬೆಳಗ್ಗೆ ಎದ್ದರೆ ಬೆರಳು ಜೋಮು ಹಿಡಿದಿರತ್ತೆ. ಆಮೇಲೆ ಬಿಡತ್ತೆ ಅಂದ್ಕೋತೀನಿ. ಬಿಡ್ತೋ ಇಲ್ವೋ ಅಂತ ತಿಳಿಯೋಕೆ ಬೆರಳೇ ಬೇಕಲ್ಲ."

"ಎದ್ದೇಳು. ಕೋಟು ಹಾಕ್ಕೋ."

"ಈಗಲಾ?"

"ತಿಂಗಳು ಮುಗಿದ್ರೆ ಪ್ಲೇಟು ನಡೆಯಲ್ಲ. ಮುಂದಿನ ವಸಂತದವರೆಗೆ ನೀನು ಹೀಗೆ ಕೇಕ್ ಕೆದಕ್ತಾ ಕೂರೋದನ್ನ ನಾನು ನೋಡಕ್ಕಾಗಲ್ಲ."

ಪರೀಕ್ಷೆಯ ಕಾರುಗಳಿಲ್ಲದ ಹೊತ್ತಿನಲ್ಲಿ ರಿಂಗನ್ನು ಚೀಟಿ ಕೊಂಡ ಯಾರಿಗಾದರೂ ಬಿಡುತ್ತಾರೆ. ಅವತ್ತು ಬಂದಿದ್ದವರು ಬೆರಳೆಣಿಕೆಯಷ್ಟು. ಬೀಚ್ ಮರಗಳ ಎಲೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹುಬರ್ಟ್ ರಸ್ತೆಯ ಬಲ ಅಂಚು ಹಿಡಿದು ನಿಧಾನವಾಗಿ ಹೋದ. ಗವಸು ಅಗ್ನೆಸ್‌ಳ ಮಡಿಲಲ್ಲಿತ್ತು. ಮೊದಲ ಇಳಿಜಾರು ದಾಟಿದರು. ಇಬ್ಬರಿಗೂ ಗೊತ್ತಿತ್ತು, ಕೇಳಬೇಕಾದ ಜಾಗ ಕರುಸೆಲ್ ಎಂದು.

ಕರುಸೆಲ್ ಎಂದರೆ ಬಟ್ಟಲಿನ ಒಳಮೈಯಂತೆ ವಾಲಿದ ಎಡ ತಿರುವು. ಅಲ್ಲಿ ಡಾಂಬರಿಲ್ಲ, ಕಾಂಕ್ರೀಟಿನ ಹಲಗೆಗಳು. ಹಲಗೆ ಹಲಗೆಯ ನಡುವಿನ ಸಂದುಗಳನ್ನು ಟೈರು ದಾಟುವಾಗ ಸ್ಟೀರಿಂಗ್ ಪಟಪಟ ಎನ್ನುತ್ತದೆ. ಎಡ ಚಕ್ರ ಮೊದಲು ದಾಟಿತೋ ಬಲ ಚಕ್ರವೋ ಎಂಬುದನ್ನು ಕೈಯಲ್ಲೇ ಹೇಳುತ್ತಿದ್ದವನು ಹುಬರ್ಟ್.

ಬಟ್ಟಲಿಗೆ ಇಳಿಯುವ ಮುಂಚೆ ಅವನು, "ನಿನ್ನ ಎಡಗೈ ಕೊಡು. ಇಲ್ಲಿ ಇಡು. ಗಟ್ಟಿ ಹಿಡೀಬೇಡ, ಸುಮ್ನೆ ಇಡು," ಎಂದ.

ಅಲ್ಲಿನ ಕಾರುಗಳಲ್ಲಿ ಓಡಿಸುವವರು ಎಡಕ್ಕೆ ಕೂರುತ್ತಾರೆ; ಚಕ್ರದ ಬಲಬದಿಯಲ್ಲಿ ಅವಳ ಕೈ, ಎಡಬದಿಯಲ್ಲಿ ಅವನದು. ಕಾರು ವಾಲಿ ಕಾಂಕ್ರೀಟಿಗೆ ಇಳಿಯಿತು. ತಾನು ಹೊಲಿದ ಚರ್ಮದ ಅಡಿಯಿಂದ ರಸ್ತೆ ಎದ್ದು ಬಂದು ಅಗ್ನೆಸ್‌ಳ ಬೆರಳುಗಳನ್ನು ಬಡಿಯಿತು. ಒಂದೊಂದು ಸಂದೂ ಬೇರೆಬೇರೆಯಾಗಿ, ಕಪ್ಪೆಮರಿಯನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ. ಅವಳು ಇಷ್ಟು ವರ್ಷ ಚಕ್ರ ಸುತ್ತಿದ್ದಳು. ಅದು ಯಾಕೆ ಎಂಬುದು ಅವತ್ತು ಅವಳ ಕೈಗೆ ತಿಳಿಯಿತು.

"ಯಾವುದು ಮೊದಲು?" ಹುಬರ್ಟ್ ಕೇಳಿದ. ಕಣ್ಣು ರಸ್ತೆಯ ಮೇಲಿತ್ತು.

"ಎಡ. ಅದರ ಬೆನ್ನಿಗೇ ಬಲ. ಎಡ, ಬಲ. ಈಗ ಎರಡೂ ಒಟ್ಟಿಗೆ."

"ಹೂಂ."

"ನಿಂಗೆ?"

"ಬೆನ್ನಿಗೆ ಬಡೀತಿದೆ. ಸೀಟಿಂದ." ಬಟ್ಟಲು ಮುಗಿದು ಕಾರು ಡಾಂಬರಿಗೆ ಹತ್ತಿತು. "ಕೈಗೆ ಏನೂ ಇಲ್ಲ ಸೂಜಿ. ಕೈ ಗವಸು ಹಾಕ್ಕೊಂಡಿದೆ."

ಅವಳು ತನ್ನ ಕೈಯನ್ನು ಚಕ್ರದಿಂದ ತೆಗೆಯಲಿಲ್ಲ. ಅವನೂ ತೆಗೆ ಎನ್ನಲಿಲ್ಲ. ಉಳಿದ ದಾರಿಯುದ್ದಕ್ಕೂ ಅವಳು ಹೇಳುತ್ತ ಬಂದಳು: ಇಲ್ಲಿ ಒರಟು, ಇಲ್ಲಿ ನುಣುಪು, ಇಲ್ಲೊಂದು ತೇಪೆ. ತೇಪೆ ಎಂದಾಗ ಅವನು, "ಅದು ಅಪ್ಪಂದು," ಎಂದ.

ಮರುದಿನ ಅಗ್ನೆಸ್‌ಳೂ ಊರಿನವರೂ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಾಗ ಅವನ ಹಿತ್ತಿಲಿನಿಂದ ಕೊಡಲಿಯ ಸದ್ದು ಕೇಳಿಸಿತು. ಭಾನುವಾರ ಯಾರೂ ಸೌದೆ ಒಡೆಯದ ಊರದು. ಜನ ಬೇಲಿಯ ಆಚೆ ನಿಂತು ನೋಡಿದರು. ಹುಬರ್ಟ್ ಬರಿಗೈಯಲ್ಲಿ ಕೊಡಲಿ ಹಿಡಿದು ಓಕ್ ದಿಮ್ಮಿಗಳನ್ನು ಸೀಳುತ್ತಿದ್ದ. ಮಾಟೆಸನೂ ಅಲ್ಲಿದ್ದ. ಬಾಯಿ ತೆರೆದ, ಅಗ್ನೆಸ್‌ಳ ಮುಖ ನೋಡಿ ಮುಚ್ಚಿಕೊಂಡ. ಅವಳು ಕೋಟು ಕಳಚಿ ಬೇಲಿಯ ಮೇಲೆ ಹಾಕಿ, ಒಡೆದದ್ದನ್ನು ಜೋಡಿಸತೊಡಗಿದಳು. ಕಳಪೆಯಾಗಿ ಒಡೆಯುತ್ತಿದ್ದ. ಅಭ್ಯಾಸವೇ ಇಲ್ಲದ ಕೈ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದದ್ದು ಅವನಿಗೆ ತಿಳಿದದ್ದು ಕೊಡಲಿಯ ಹಿಡಿ ಒದ್ದೆಯಾಗಿ ಜಾರಿದಾಗ.

ಸೋಮವಾರ ಫೆಡರ್ಸೆನ್‌ಗೆ ಅವನೇ ಹೇಳಿದ. "ನಿಮ್ಮ ಗಾಡಿ ಚೆನ್ನಾಗೇ ಇತ್ತು ಸ್ವಾಮಿ. ಮೊದಲನೇ ದಿನದಿಂದಾನೂ ಇತ್ತೇನೋ. ನನ್ನ ಮಾತು ಕೇಳಿ ಮಾಡಿದ್ದನ್ನೆಲ್ಲ ಅಳಿಸಿಬಿಡಿ." ಫೆಡರ್ಸೆನ್ ಅವನ ಕೈ ಕುಲುಕಿದ. ಹುಬರ್ಟ್ ನಗುತ್ತ, "ಇದೂ ಅಷ್ಟಾಗಿ ಗೊತ್ತಾಗ್ತಿಲ್ಲ," ಎಂದ.

ವೈದ್ಯರು ಮೊದಲು ಮಣಿಕಟ್ಟಿನ ನರ ಎಂದರು. ಆಮೇಲೆ ಹೃದಯ ನೋಡಿದರು. ಬೆರಳಿನ ನರದಲ್ಲಿ ಕಟ್ಟಿಕೊಂಡ ಬೇಡದ ಪದಾರ್ಥವೇ ಹೃದಯದ ಗೋಡೆಯಲ್ಲೂ ಕಟ್ಟಿಕೊಂಡು ಅದನ್ನು ಪೆಡಸು ಮಾಡಿತ್ತು. ಬೆರಳು ಮೊದಲೇ ಸುದ್ದಿ ಕೊಟ್ಟಿತ್ತು. ಅದು ಕಾರಿನ ಸುದ್ದಿ ಎಂದು ಎಲ್ಲರೂ ತಿಳಿದಿದ್ದರು. ಚಳಿಗಾಲದಲ್ಲಿ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಅಗ್ನೆಸ್‌ಳ ಕೊಟ್ಟಿಗೆಯ ಒಲೆಯ ಪಕ್ಕ ಕೂತು ಅವಳು ಹೊಲಿಯುವುದನ್ನು ನೋಡುತ್ತಿದ್ದ.

"ಏಪ್ರಿಲ್ ಬಂದ್ರೆ ಹಸಿರಮ್ಮನ ತೆಗೀಬೇಕು."

"ತೆಗಿಯೋಣ."

"ನೀನು ಓಡಿಸು. ನಾನು ಪಕ್ಕ ಕೂತು ಕೇಳ್ತೀನಿ. ಎಡ ಯಾವುದು ಬಲ ಯಾವುದು ಅಂತ ತಪ್ಪು ಹೇಳಿದ್ರೆ ಬೈತೀನಿ."

"ನಿಂಗೆ ತಪ್ಪು ಅಂತ ಹೇಗೋ ಗೊತ್ತಾಗತ್ತೆ?"

"ನಿನ್ನ ಕಿವಿ ನೋಡಿ."

ಏಪ್ರಿಲ್ ಬರುವ ಮೊದಲೇ ಅವನು ಹೋದ. ಕಾರ್ನಿವಲ್ ಮುಗಿದು, ಮಕ್ಕಳು ಎರಚಿದ ಬಣ್ಣದ ಕಾಗದದ ಚೂರುಗಳು ಇನ್ನೂ ಚರಂಡಿಯಲ್ಲಿ ನೆನೆಯುತ್ತಿದ್ದವು. ಮಣ್ಣು ಮಾಡಿದ ಮೇಲೆ ಮಾಟೆಸನ ಹೋಟೆಲಿನಲ್ಲಿ ಎಲ್ಲರೂ ಕಾಫಿಗೂ ಪುಡಿಸಕ್ಕರೆಯ ಕೇಕಿಗೂ ಕೂತರು. ಮಾಟೆಸ್ ಬೀರಿನ ಲೋಟವೊಂದನ್ನು ಅಂಚಿನವರೆಗೆ, ನೊರೆಯೇ ಇಲ್ಲದೆ ತುಂಬಿಸಿ, ಹುಬರ್ಟ್ ಕೂರುತ್ತಿದ್ದ ಜಾಗದಲ್ಲಿ ಇಟ್ಟ. "ಈಗಲಾದ್ರೂ ಬೈಬೇಡ ಮೇಡಂ," ಎಂದು ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಚಿತ್ತಾರದ ಕಾರೊಂದು ಅಗ್ನೆಸ್‌ಳ ಕೊಟ್ಟಿಗೆಯ ಮುಂದೆ ನಿಂತಿತು. ಫೆಡರ್ಸೆನ್ ಇಳಿದು ಟೋಪಿ ತೆಗೆದ.

"ಥೆಲೆನ್ ಅವರೇ, ನಿಮ್ಮದೊಂದು ಸ್ವಲ್ಪ ಹೊತ್ತು ಬೇಕಿತ್ತು."

"ಒಳಗೆ ಬನ್ನಿ. ಕಾಫಿ ಇದೆ."

"ಒಳಗೆ ಬೇಡ. ನೀವು ಇದನ್ನ ಓಡಿಸಬೇಕು." ಅವನು ಕಾರಿನ ಬಾಗಿಲು ತೆರೆದು ಹಿಡಿದ. ಸ್ಟೀರಿಂಗ್ ಅವಳು ಸುತ್ತಿದ ತೆಳು ಚಕ್ರವೇ. "ಮಾರುಕಟ್ಟೆಗೆ ಹೋಗೋ ಗಾಡಿಗಳಿಗೆ ಬೇರೆ ಲೆಕ್ಕ ಹಾಕಿದ್ದಾರೆ. ಸೌಮ್ಯವಾದದ್ದು. ಉಳಿದ ಚಾಲಕರೆಲ್ಲ ಇದನ್ನ ವಿಪರೀತ ಅಂದ್ರು. ತೆಳು ಚಕ್ರನೂ ಪಟ್ಟಿಯಿಂದ ತೆಗೆದುಹಾಕಿದ್ರು. ಇದೊಂದರಲ್ಲಿ ಮಾತ್ರ ರೆಟರಾತ್ ಅವರ ಕೈ ಮಾಡಿಸಿದ ಲೆಕ್ಕ ಹಾಗೇ ಇದೆ. ನಾನು ಅಳಿಸಲಿಲ್ಲ."

"ಇದನ್ನೇನು ಮಾಡ್ತೀರಿ?"

"ಪರೀಕ್ಷೆ ಗಾಡಿಗಳನ್ನ ಏನು ಮಾಡ್ತಾರೋ ಅದೇ. ನಾಳೆ ಲಾರಿ ಬರತ್ತೆ. ಜಜ್ಜಿಬಿಡ್ತಾರೆ."

"ಚಕ್ರ ಬಿಚ್ಚಿಕೊಡಕ್ಕಾಗಲ್ವಾ?"

ಫೆಡರ್ಸೆನ್ ನೆಲ ನೋಡಿದ. "ಒಂದು ಸ್ಕ್ರೂ ಕೂಡ ಬಿಡೋ ಹಾಗಿಲ್ಲ. ಕೇಳಿ ನೋಡಿದೆ."

ಅವಳು ಏಪ್ರನ್ ಬಿಚ್ಚಿದಳು. ಇಬ್ಬರೂ ಊರು ದಾಟಿ, ರಿಂಗಿನ ಕಡೆ ತಿರುಗದೆ, ಕಾಡಿನ ಹಳೇ ರಸ್ತೆ ಹಿಡಿದರು.

ಮನೆಯ ಗೇಟಿನಿಂದ ಹೊರಬೀಳುವಾಗಲೇ ಅವಳಿಗೆ ಗಾಬರಿಯಾಗಿತ್ತು. ಚಕ್ರ ಕೂಗುತ್ತಿತ್ತು. ಚರಂಡಿಯ ಮುಚ್ಚಳ, ಕಲ್ಲುಹಾಸು, ಟ್ರಾಕ್ಟರು ಚೆಲ್ಲಿಹೋದ ಮಣ್ಣು, ಒಂದು ಕಡ್ಡಿ ಮುರಿದರೂ ಅದು ಅವಳ ಅಂಗೈಗೆ ಬಂದು ಹೇಳುತ್ತಿತ್ತು. ಕಿವಿ ಕೇಳದ ಅಜ್ಜನ ಹತ್ತಿರ ಮನೆಯವರು ಮಾತಾಡುವ ಹಾಗೆ, ಒಂದೊಂದು ಮಾತನ್ನೂ ಎತ್ತರದ ದನಿಯಲ್ಲಿ, ಬಿಡಿಸಿ ಬಿಡಿಸಿ. ಇಷ್ಟು ಕೂಗಿದ್ದೂ ಹುಬರ್ಟನಿಗೆ ಕೇಳಿರಲಿಲ್ಲ. ಇದನ್ನೇ ಹಿಡಿದುಕೊಂಡು ಅವನು ಮೂಕ ಎಂದಿದ್ದ. ಒಂದು ಇಡೀ ಬೇಸಿಗೆ, ಒಂದು ಶರತ್ಕಾಲ, ಒಬ್ಬನೇ ಅಷ್ಟು ದೂರದಲ್ಲಿ ಕೂತಿದ್ದ. ಪ್ರತಿ ಶನಿವಾರ ಎದುರಿಗೆ ಕೂತು ಕೇಕ್ ತಿಂದವಳಿಗೆ ಅದು ತಿಳಿದಿರಲಿಲ್ಲ.

"ವಿಪರೀತ ಅನ್ಸುತ್ತಾ?" ಫೆಡರ್ಸೆನ್ ಕೇಳಿದ.

"ಇಲ್ಲ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಹೂಂ, ವಿಪರೀತಾನೇ. ಇನ್ನೂ ಸ್ವಲ್ಪ ದೂರ ಹೋಗೋಣ," ಎಂದಳು.

ಹಿಂತಿರುಗಬೇಕಾದ ತಿರುವು ಬಂದಾಗ ಅವಳು ಹಿಂತಿರುಗಲಿಲ್ಲ. ಅವನು ನೆನಪಿಸಲಿಲ್ಲ. ದಾರಿಯ ಒಂದೊಂದು ಕುಣಿಯನ್ನೂ ಅವಳು ತಪ್ಪಿಸದೆ ಹತ್ತಿಸಿದಳು. ತುಟಿ ಅಲ್ಲಾಡುತ್ತಿದ್ದದ್ದು ಅವಳಿಗೇ ಗೊತ್ತಿರಲಿಲ್ಲ. ಎಡ, ಬಲ, ಎರಡೂ, ತೇಪೆ.

ಸಂಜೆಗೆ ಮನೆ ಮುಟ್ಟಿದರು. ಕೀಲಿ ಕೊಡುವ ಮೊದಲು ಅವಳು ಚಕ್ರದ ಒಳಬದಿಯಲ್ಲಿ ಹೆಬ್ಬೆರಳಿನಿಂದ ತನ್ನ ಹೊಲಿಗೆ ಹುಡುಕಿದಳು. ಸಿಕ್ಕಿತು, ಸಿಗಬೇಕಾದಷ್ಟೇ ಸಿಕ್ಕಿತು. ಕಾರು ಹೋದ ಮೇಲೆ ಕೊಟ್ಟಿಗೆಗೆ ಬಂದು ಒಲೆಗೆ ಎರಡು ತುಂಡು ಹಾಕಿದಳು. ಓರೆಕೋರೆಯಾಗಿ, ಕಳಪೆಯಾಗಿ ಸೀಳಿದ ಓಕ್. ಅವಳ ಗೋಡೆಯುದ್ದಕ್ಕೂ ಇನ್ನೂ ಒಂದು ಸಾಲು ಅದೇ ಇತ್ತು.

ಮುಗಿಸಬೇಕಾದ ಚಕ್ರವೊಂದು ಮೇಜಿನ ಮೇಲಿತ್ತು, ದಪ್ಪನೆಯದು. ಅವಳು ಸೂಜಿಗೆ ದಾರ ಪೋಣಿಸಲು ಹೋದಳು. ಆಗಲಿಲ್ಲ. ಬೆರಳುಗಳು ಇನ್ನೂ ಜುಮುಜುಮು ಎನ್ನುತ್ತಿದ್ದವು, ರಸ್ತೆ ಇನ್ನೂ ಅವುಗಳ ಒಳಗೆ ಓಡುತ್ತಿತ್ತು. ಸೂಜಿಯನ್ನು ಕೆಳಗಿಟ್ಟು, ಎರಡೂ ಕೈಗಳನ್ನು ಅಂಗಾತ ಮಡಿಲಲ್ಲಿ ಹಾಕಿಕೊಂಡು ಒಲೆಯ ಪಕ್ಕ, ಅವನು ಕೂರುತ್ತಿದ್ದ ಕುರ್ಚಿಯಲ್ಲಿ ಕೂತಳು. ಏನನ್ನೂ ಮುಟ್ಟಲಿಲ್ಲ. ಮುಟ್ಟಿದರೆ ಅದು ಬೇಗ ಇಳಿದುಹೋದೀತು ಎಂದು, ಅಲುಗದೆ ಕೂತಳು.